ಮುತ್ಯಾ ಆಡಿ ನೋಡಿದ ಆಟ

ನಾನು ರೊಟ್ಟಿ ಬಡಿಯುತ್ತಿದ್ದೆ. ಮಗಳು ಓಡಿಬಂದು, "ಯವ್ವಾ, ಮುತ್ಯಾ ಮೂರನೇ ಸಲಾನೂ ಸೋತಾನ" ಎಂದಳು. ಮುತ್ಯಾ ಎಂದರೆ ಪಕ್ಕದ ಮನೆಯ ಹಿರಿಯರು, ಅತನೂರ, ಗೊಬ್ಬೂರ ಕಡೆಯ ಕುಸ್ತಿಗಳಿಗೆ ಸೋಲು-ಗೆಲುವು ಹೇಳುವ ಪಂಚರಾಗಿದ್ದವರು. ಜಪಾನಿನ ಕಾರ್ಟೂನ್ ಮಂದಿ ಹೊಡೆದಾಡುವ ಮೊಬೈಲ್ ಆಟ ಒಂಬತ್ತು ವರ್ಷದವಳಿಗೆ ತಕ್ಕದ್ದೋ ಅಲ್ಲವೋ ಹೇಳಿರೆಂದು ನಾನೇ ಕರೆದಿದ್ದೆ. ಅವರು ಬೇಡವೆಂದರೆ ಅಳಿಸಿಬಿಡಲು ಮಗಳೂ ಒಪ್ಪಿದ್ದಳು.

ಪಲ್ಯಕ್ಕೆ ಉಪ್ಪು ಸಾಕೇ ಎಂದು ಕೇಳಿದರೂ ಅವರದು ಒಂದೇ ಮಾತು: "ಅಖಾಡಕ್ಕ ಇಳದ ಮ್ಯಾಲ ಹೇಳ್ತೇನಿ." ಅಂದೂ ಧೋತರ ಬಿಗಿದು, ತೊಡೆ ತಟ್ಟಿ, ಮೊಬೈಲ್ ಹಿಡಿದು ನೆಲಕ್ಕೆ ಕೂತಿದ್ದರು.

ಹಿಟ್ಟಿನ ಕೈಯಲ್ಲೇ ಹೋಗಿ ಕೇಳಿದೆ: "ಹ್ಯಾಂಗದರಿ ಆಟ?"

"ರಕ್ತ ಇಲ್ಲ, ಬೈಗಳ ಇಲ್ಲ. ಆದ್ರ ನಮ್ಮ ಕುಸ್ತ್ಯಾಗ ಗೆದ್ದಾಂವ ಸೋತಾಂವಗ ಕೈ ಕೊಟ್ಟು ಎಬ್ಬಸ್ತಾನ. ಇದರಾಗ ಬರೇ ಕುಣಿತಾನ. ಅದೊಂದು ಸೇರಲಿಲ್ಲ, ತಂಗಿ."

ಮಗಳ ಮುಖ ಸಣ್ಣದಾಯಿತು. ಅವರು ಏಳಹೋದರು, ಮೊಣಕಾಲು ಬಿಡಲಿಲ್ಲ. ಅವಳು ಎರಡೂ ಕೈ ಕೊಟ್ಟು, ಹಲ್ಲು ಕಚ್ಚಿ ಎಬ್ಬಿಸಿದಳು. ಎದ್ದವರೇ ಗಹಗಹಿಸಿ ನಕ್ಕರು.

"ಆಡ್ಲಿ ಬಿಡು. ಕೈ ಕೊಡೋದು ಕೂಸಿಗೆ ಬರ್ತದ. ಲೇ ಪೈಲ್ವಾನ್, ನಾಳಿಗಿ ಮತ್ತ ಬರ್ತೇನಿ."

ಒಳಗೆ ಬಂದರೆ ಹಂಚಿನ ಮೇಲೆ ಸೀದದ್ದು ಒಂದೇ ರೊಟ್ಟಿ, ಶಿವನ ದಯೆ. ಸೋತ ಮುತ್ಯಾನಿಗೂ ಎರಡು ರೊಟ್ಟಿಯಾಗಲೆಂದು ಇನ್ನಷ್ಟು ಹಿಟ್ಟು ನಾದಿಕೊಂಡೆ.