ಬಾಲ ಮುಟ್ಟಿದವನ ಪಾಲು

ಸಿಡ್ನಿಯಿಂದ ಮೆಲ್ಬರ್ನಿಗೆ ಹೋಗುವವರು ವಿಮಾನದ ಟಿಕೆಟ್ಟನ್ನು ವಾರದ ನಡುವೆ ನೋಡಬೇಕು. ಶುಕ್ರವಾರ ಸಂಜೆ ನೋಡಿದರೆ ಅದೇ ಸೀಟಿಗೆ ಎರಡರಷ್ಟು ಕೊಡಬೇಕಾಗುತ್ತದೆ. ಇದು ಗೊತ್ತಿದ್ದೂ ನಾನು ಆ ಮಾರ್ಚಿನಲ್ಲಿ ಶುಕ್ರವಾರ ಸಂಜೆಯೇ ಕೊಂಡೆ. ತಂಗಿ ಶೋಭಾ ಮೆಲ್ಬರ್ನಿನ ವೆರಿಬೀಯಿಂದ ಫೋನ್ ಮಾಡಿದ್ದಳು.

“ಅಣ್ಣಾ, ಇವರಿಗೆ ಲಾಟರಿ ಬಂತು.”

“ಎಷ್ಟು?”

“ದುಡ್ಡಿನದ್ದಲ್ಲ ಮಾರಾಯ. ಜಿಂಕೆಯದ್ದು.”

ಅವಳ ಗಂಡ ಮಾದಯ್ಯ ವಿರಾಜಪೇಟೆ ಕಡೆಯವರು, ಡಾಕ್‌ಲ್ಯಾಂಡ್ಸಿನ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸ. ಮೆಲ್ಬರ್ನಿನ ಪೂರ್ವಕ್ಕೆ ಗಿಪ್ಸ್‌ಲ್ಯಾಂಡಿನಲ್ಲಿ, ಸರೋವರದ ದಂಡೆಯ ಒಂದು ರಿಸರ್ವಿನಲ್ಲಿ ಹಾಗ್ ಡೀರ್ ಎಂಬ ಗಿಡ್ಡ ಜಿಂಕೆ ಇದೆ. ಅದರ ಶಿಕಾರಿಗೆ ವರ್ಷಕ್ಕೊಮ್ಮೆ ಚೀಟಿ ಎತ್ತುತ್ತಾರೆ. ಅರ್ಜಿ ಹಾಕುವವರು ಎಷ್ಟೋ ಮಂದಿ, ಚೀಟಿ ಏಳುವುದು ಬೆರಳೆಣಿಕೆಯವರಿಗೆ. ಮಾದಯ್ಯ ಈ ದೇಶಕ್ಕೆ ಬಂದಾಗಿನಿಂದ ಅರ್ಜಿ ಹಾಕುತ್ತಿದ್ದರು. ಈಗ ಹೆಸರು ಎದ್ದಿತ್ತು: ಮೂರು ದಿನ, ಕೊಂಬಿರುವ ಒಂದೇ ಒಂದು ಗಂಡು, ಅದೂ ಬೇಲಿಯ ಒಳಗೆ.

ಶೋಭಾಳ ಭಯ ಬೇರೆಯೇ. ಅವರಿಬ್ಬರೂ ಸಿಟಿಜನ್‌ಶಿಪ್ಪಿಗೆ ಅರ್ಜಿ ಹಾಕಿ ಕುಳಿತಿದ್ದರು.

“ಹೆಣ್ಣಿಗೆ ಹೊಡೆದರೆ ಕೇಸು, ಬೇಲಿ ದಾಟಿ ಹೊಡೆದರೆ ಕೇಸು. ಕೇಸಾದರೆ ಅರ್ಜಿ ಅಲ್ಲೇ ಕೂತೀತು. ಕೋವಿ ಕೈಗೆ ಬಂದರೆ ಇವರಿಗೆ ಹಿಂದುಮುಂದು ಇಲ್ಲ. ನೀನು ಜೊತೆಗೆ ಹೋಗು ಅಣ್ಣಾ. ಎಂತ ತಪ್ಪೂ ಆಗದ ಹಾಗೆ ಕರಕೊಂಡು ಬಾ.”

ನಾನು ಸಿಡ್ನಿಯ ಪ್ಯಾರಮಾಟದಲ್ಲಿ ಹಳೆಯ ವಾಷಿಂಗ್ ಮಷಿನ್‌ಗಳನ್ನು ರಿಪೇರಿ ಮಾಡಿ ಮಾರುವವನು. ಕೋವಿಯನ್ನು ಕಂಡದ್ದು ಉಡುಪಿಯಲ್ಲಿ ಬ್ಯಾಂಕಿನ ಬಾಗಿಲಲ್ಲಿ ಮಾತ್ರ. ಆದರೆ ಯಾವ ವ್ಯವಹಾರದಲ್ಲಿ ಎಲ್ಲಿ ಮೋಸ ಹೋಗಬಹುದು ಎಂಬುದು ನನಗೆ ವಾಸನೆಯಲ್ಲೇ ಗೊತ್ತಾಗುತ್ತದೆ. ಶೋಭಾ ನಂಬಿದ್ದು ಅದನ್ನೇ.

ಟುಲ್ಲಮರೀನ್ ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಮಾಡಬೇಡಿ. ಬಸ್ಸಿನಲ್ಲಿ ಊರೊಳಗಿನ ದೊಡ್ಡ ಸ್ಟೇಷನ್ನಿಗೆ ಬಂದು ವೆರಿಬೀ ರೈಲು ಹಿಡಿದರೆ ಟ್ಯಾಕ್ಸಿಯ ಕಾಲುಭಾಗದಲ್ಲಿ ಮುಗಿಯುತ್ತದೆ. ಭಾನುವಾರ ಬೆಳಗ್ಗೆ ವೆರಿಬೀ ಹತ್ತಿರದ ಹಳೆ ಸಾಮಾನಿನ ಸಂತೆಗೆ ಹೋಗಿ, ರಸ್ತೆ ಕೆಲಸದವರು ತೊಡುವಂಥ ಒಂದು ಕಿತ್ತಳೆ ಬಣ್ಣದ ವೆಸ್ಟ್ ಕೊಂಡೆ. ಐದು ಡಾಲರ್ ಎಂದವನು ಎರಡಕ್ಕೆ ಇಳಿದ. ಅದನ್ನು ಕಂಡು ಮಾದಯ್ಯ ಬಿದ್ದು ಬಿದ್ದು ನಕ್ಕರು.

“ಭಾವ, ನಾವು ಹೋಗ್ತಿರೋದು ಶಿಕಾರಿಗೆ. ರೋಡಿಗೆ ಟಾರ್ ಹಾಕೋಕಲ್ಲ.”

“ಜಿಂಕೆಗೆ ಈ ಬಣ್ಣ ಕಾಣುವುದಿಲ್ಲವಂತೆ. ನಿಮಗೆ ಕಂಡರೆ ಸಾಕು ಮಾರಾಯ್ರೆ.”

ಸೋಮವಾರ ನಸುಕಿನಲ್ಲಿ ಹೊರಟೆವು. ವೆಸ್ಟ್‌ಗೇಟ್ ಸೇತುವೆ ದಾಟಿ, ಡ್ಯಾಂಡೆನಾಂಗ್ ಬಿಟ್ಟು, ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಪೆಟ್ರೋಲನ್ನು ಮೆಲ್ಬರ್ನಿನಲ್ಲೇ ತುಂಬಿಸಿಕೊಳ್ಳಿ, ಪೂರ್ವಕ್ಕೆ ಹೋದಷ್ಟೂ ತುಟ್ಟಿ. ಮಳೆ ಕಾಣದ ವರ್ಷ, ಎರಡೂ ಕಡೆ ಹುಲ್ಲು ಬಿಸ್ಕತ್ತಿನ ಬಣ್ಣಕ್ಕೆ ತಿರುಗಿತ್ತು. ಶೋಭಾ ಕಟ್ಟಿಕೊಟ್ಟ ಅಕ್ಕಿತರಿಯ ಪುಂಡಿಯನ್ನು ಸೇಲ್ ಎಂಬ ಊರಿನ ಪಾರ್ಕಿನಲ್ಲಿ ಕುಳಿತು ತಿಂದೆವು.

ಹಾಗ್ ಡೀರ್ ಮೂಲತಃ ನಮ್ಮ ಉತ್ತರ ಭಾರತದ ಕಡೆಯದಂತೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಇಂಗ್ಲಿಷರು ಹಡಗಿನಲ್ಲಿ ತಂದು ಬಿಟ್ಟದ್ದು. ಹಂದಿಯ ಹಾಗೆ ತಲೆ ತಗ್ಗಿಸಿ ಪೊದೆಯೊಳಗೆ ನುಗ್ಗುವುದರಿಂದ ಆ ಹೆಸರು. “ನೋಡಿ, ಅದಕ್ಕೆ ಯಾವ ಅರ್ಜಿಯೂ ಇಲ್ಲದೆ ಖಾಯಂ ವಾಸದ ಪಿಆರ್ ಸಿಕ್ಕಿತು,” ಎಂದೆ. ಮಾದಯ್ಯ ನಗಲಿಲ್ಲ. ಅವರ ಮನಸ್ಸು ಆಗಲೇ ಕಾಡಿನಲ್ಲಿತ್ತು.

“ನಮ್ಮ ಕಡೆ ಶಿಕಾರಿ ಅಂದ್ರೆ ಪಾಲು, ಭಾವ. ಈಡು ಹೊಡೆದವನಿಗೆ ತಲೆ, ಒಂದು ಹಿಂದೊಡೆ. ಉಳಿದದ್ದು ಜೊತೆಗೆ ಬಂದ ಎಲ್ಲರಿಗೂ. ನಾಯಿಗೂ ಉಂಟು. ಆಮೇಲೆ, ಬಿದ್ದ ಪ್ರಾಣಿಯ ಬಾಲವನ್ನ ಯಾರು ಮೊದಲು ಮುಟ್ತಾರೋ ಅವರಿಗೆ ಬೇರೆಯೇ ಒಂದು ಪಾಲು. ನಮ್ಮ ಅಜ್ಜ ಮುದುಕ ಆದ ಮೇಲೂ ಓಡಿ ಹೋಗಿ ಮುಟ್ಟೋರು.”

“ಬರೀ ಮುಟ್ಟಿದ್ದಕ್ಕೆ?”

“ಬರೀ ಮುಟ್ಟಿದ್ದಕ್ಕೆ.”

“ಹಾಗಾದರೆ ಬಾಲ ನನಗೇ ಬಿಡಿ.” ಬಂಡವಾಳವಿಲ್ಲದೆ ಬರುವ ಲಾಭವನ್ನು ನಾನು ಎಂದೂ ಬಿಟ್ಟವನಲ್ಲ.

ರಿಸರ್ವಿನ ಬಾಗಿಲಲ್ಲಿ ಒಂದು ತಗಡಿನ ಗುಡಿಸಲು. ಅಲ್ಲಿ ಬಿಳಿಗಡ್ಡದ ರಾನ್ ಎಂಬವರು ಬಂದವರಿಗೆಲ್ಲ ನಿಯಮ ಹೇಳುತ್ತಿದ್ದರು. ಬಂದೂಕಿಲ್ಲದ ಒಬ್ಬ ಜೊತೆಗಾರ ಇರಬಹುದು, ಬೇಲಿಯಾಚೆ ಖಾಸಗಿ ಜಮೀನು, ಹೊಡೆದದ್ದನ್ನು ಇಲ್ಲಿಗೇ ತಂದು ಅಳತೆ ಮಾಡಿಸಬೇಕು. ಕೊನೆಗೆ ನನ್ನ ವೆಸ್ಟನ್ನೊಮ್ಮೆ ನೋಡಿ ಹೇಳಿದರು:

“ಈಡು ಬಿದ್ದ ಕೂಡಲೇ ಯಾರೂ ಹತ್ತಿರ ಹೋಗಬೇಡಿ. ಕುಳಿತು ಒಂದು ಕಪ್ ಟೀ ಕುಡಿಯಿರಿ. ಆಮೇಲೆ ಹಿಂದಿನಿಂದ ಹೋಗಿ ಕೋಲಿನ ತುದಿಯಿಂದ ಕಣ್ಣು ಮುಟ್ಟಿ. ರೆಪ್ಪೆ ಮಿಟುಕದಿದ್ದರೆ ಮಾತ್ರ ಅದು ನಿಮ್ಮದು.”

ನಾನು ತಲೆಯಾಡಿಸಿದೆ. ಇಂಥ ಮಾತಿಗೆ ತಲೆಯಾಡಿಸುವುದು ಸುಲಭ.

ಮೊದಲ ದಿನ ಸಂಜೆ ಪೊದೆಯಿಂದ ಒಂದು ಜಿಂಕೆ ಹೊರಬಂತು. ಮಾದಯ್ಯನ ಕೋವಿ ಹೆಗಲಿಗೇರಿತು. ಸೂರ್ಯ ಎದುರಿಗಿದ್ದ. ಒಣ ಹುಲ್ಲಿನ ಕಡ್ಡಿಗಳು ಕೊಂಬಿನ ಹಾಗೆಯೇ ಅದರ ತಲೆಯ ಮೇಲೆ ನಿಂತಿದ್ದವು. 

“ಕೊಂಬು ಕಂಡಿತಾ?” ಎಂದು ಪಿಸುಗುಟ್ಟಿದೆ.

“ಶ್!”

“ಕಂಡಿತಾ ಕೇಳಿದ್ದು ಮಾರಾಯ್ರೆ.”

ಅದು ಎರಡು ಹೆಜ್ಜೆ ಮುಂದೆ ಬಂತು. ಹುಲ್ಲು ಹಿಂದೆ ಉಳಿಯಿತು. ತಲೆ ಬೋಳು, ಹೆಣ್ಣು. ಮಾದಯ್ಯ ಕೋವಿ ಇಳಿಸಿ ನನ್ನ ಕಡೆ ನೋಡದೆ ಹೇಳಿದರು, “ನಾನು ಹೊಡೀತಿರಲಿಲ್ಲ.” 

ಎರಡನೆಯ ದಿನ ಗಾಳಿ ನಮ್ಮ ಬೆನ್ನಿನಿಂದ ಬೀಸಿ ನಮ್ಮ ವಾಸನೆಯನ್ನೆಲ್ಲ ಮುಂದಕ್ಕೆ ಒಯ್ದಿತು. ಕಪ್ಪು ಹಂಸಗಳು ಮತ್ತು ಸೊಳ್ಳೆ ಬಿಟ್ಟರೆ ಏನೂ ಕಾಣಲಿಲ್ಲ. ರಾತ್ರಿ ನಾವು ಉಳಿದಿದ್ದ ಕಾರವಾನ್ ಪಾರ್ಕಿನ ಕೋಣೆಯಲ್ಲಿ ಮಾದಯ್ಯ ಅನ್ನವನ್ನು ಕಲಸುತ್ತಲೇ ಕುಳಿತರು. “ಇನ್ನು ನಾಳೆ ಒಂದೇ ದಿನ, ಭಾವ. ಇನ್ನೊಂದು ಸಲ ಚೀಟಿ ಏಳುತ್ತೆ ಅನ್ನೋ ನಂಬಿಕೆ ಇಲ್ಲ.” ನನಗೆ ಹೆದರಿಕೆಯಾದದ್ದು ಆಗ. ನನ್ನ ವ್ಯಾಪಾರದಲ್ಲೂ ಹಾಗೆಯೇ, ಇವತ್ತೇ ಬೇಕು ಎಂದು ಬರುವ ಗಿರಾಕಿಯೇ ಮೋಸ ಹೋಗುವುದು. ಅವರು ಅಂಥ ಗಿರಾಕಿಯಾಗಿದ್ದರು.

ಬುಧವಾರ ಬೆಳಗ್ಗೆ ಮಂಜು. ಟೀ-ಟ್ರೀ ಎಂಬ ಪೊದೆಗಳ ಸಾಲಿನ ಪಕ್ಕ ಕಾದೆವು. ಮಂಜು ಸರಿಯುತ್ತಿದ್ದ ಹಾಗೆ ಅದು ನಿಂತಿತ್ತು. ಕಡುಕಂದು ಮೈ, ಗಿಡ್ಡ ಕಾಲು, ಮೂರು ಕವಲಿನ ಎರಡು ಕೊಂಬು. ಈ ಸಲ ನಾನು ಏನೂ ಕೇಳಲಿಲ್ಲ. ಈಡು ಹಾರಿತು. ಜಿಂಕೆ ಕುಸಿದು ಬಿತ್ತು.

ನಾನು ಓಡಿದೆ.

ಯಾಕೆ ಎಂದು ಕೇಳಿದರೆ, ಮನಸ್ಸು ಹಗುರವಾಗಿತ್ತು ಅಷ್ಟೇ. ಮೂರು ದಿನದ ಭಯ ಇಳಿದಿತ್ತು: ಗಂಡು, ಬೇಲಿಯೊಳಗೆ, ಕೇಸಿಲ್ಲ. ಬಾಲದ ಮಾತು ನೆನಪಿತ್ತು, ಟೀಯ ಮಾತು ಮರೆತುಹೋಗಿತ್ತು. ಹೋಗಿ ಬಗ್ಗಿ ಬಾಲ ಹಿಡಿದೆ. ಬಿಸಿಯಾಗಿತ್ತು. ಹಿಡಿದ ಬಾಲ ನನ್ನ ಕೈಯಿಂದ ಜಾರಿತು. ಜಿಂಕೆ ಎದ್ದು ನಿಂತು, ನನ್ನ ಮೊಣಕಾಲಿಗೆ ಒಂದು ಒದೆ ಕೊಟ್ಟು ಬೇಲಿಯ ಕಡೆ ಹಾರಿತು. ನಾನು ಬಿದ್ದಲ್ಲೇ ತಿರುಗಿ, “ಹೊಡೆಯಿರಿ! ಹೊಡೆಯಿರಿ!” ಎಂದು ಕೂಗಿದೆ.

ಮಾದಯ್ಯ ಹೊಡೆಯಲಿಲ್ಲ. ಕೋವಿಯ ಗುಂಡು ಹೊರತೆಗೆದು ನೆಲದಲ್ಲಿಟ್ಟರು, ಪಕ್ಕದಲ್ಲೇ ಕುಳಿತರು. ನಾನು ಕುಂಟುತ್ತ ಹತ್ತಿರ ಬಂದೆ.

“ಅದು ಏಳೋದು ನನಗೆ ಗೊತ್ತಾಯ್ತು, ಭಾವ. ಎರಡನೇ ಈಡಿಗೆ ಬೆರಳು ಇಟ್ಟಾಗಿತ್ತು. ಕೋವಿಯ ದುರ್ಬೀನಿನಲ್ಲಿ ಒಮ್ಮೆಲೇ ಎಲ್ಲ ಕಿತ್ತಳೆ ಆಯ್ತು.”

 ಫ್ಲಾಸ್ಕ್ ಬಿಚ್ಚಿ ಟೀ ಬಗ್ಗಿಸಿದೆ.

ರಕ್ತದ ಗುರುತು ನೇರ ಬೇಲಿಯ ತಂತಿಗೆ ಹೋಗಿತ್ತು. ಆಚೆ ಯಾರದೋ ಹುಲ್ಲುಗಾವಲು. “ಅಲ್ಲೇ ಎಲ್ಲೋ ಬಿದ್ದಿರುತ್ತೆ. ನರಳ್ತಾ ಬಿಟ್ಟು ಹೋಗೋದು ಹೇಗೆ?” ಎಂದು ಮಾದಯ್ಯ ತಂತಿಯ ಮೇಲೆ ಕೈಯಿಟ್ಟರು. ಶೋಭಾ ಹೇಳಿದ್ದ ಬೇಲಿ ಇದೇ. ನಾನು ಅವರ ಅಂಗಿ ಹಿಡಿದೆ. “ಒಂದು ಕಾಲು ಆಚೆ ಇಟ್ಟರೆ ಕೇಸು. ಮೊದಲು ಮನೆ ಹುಡುಕುವ.”

ಸುತ್ತು ಬಳಸಿ ರಸ್ತೆಗೆ ಬಂದು ಜಮೀನಿನವನ ಮನೆ ಹುಡುಕಿದೆವು. ಎತ್ತರದ ಮುದುಕ, ಕೈಯಲ್ಲಿ ಹಾಲಿನ ಬಕೆಟ್ಟು. ವಿಷಯ ಹೇಳಿ ನಾನು ಪರ್ಸಿನಿಂದ ಐವತ್ತು ಡಾಲರ್ ತೆಗೆದೆ. ಇದು ಎಲ್ಲಿ ಹೋದರೂ ನಡೆಯುವ ಉಪಾಯ ಅಂತ ನಂಬಿದ್ದೆ. ಅವನ ಮುಖ ಗಟ್ಟಿಯಾಯಿತು.

“ಮಾಂಸ ಮಾರುವವರಾ ನೀವು? ರೇಂಜರಿಗೆ ಫೋನ್ ಮಾಡಲಾ?”

 ಶಿಕಾರಿಯ ಮಾಂಸ ಮಾರುವುದು ಇಲ್ಲಿ ಅಪರಾಧ. ಇಲ್ಲಿಗೆ ಹೋಗುವವರು ಇದೊಂದನ್ನು ನೆನಪಿಡಿ, ಜಿಂಕೆಯ ಮಾತು ಬಂದಲ್ಲಿ ಪರ್ಸ್ ತೆಗೆಯಬೇಡಿ. ಮಾದಯ್ಯ ನನ್ನ ಕೈ ಕೆಳಗೆ ಒತ್ತಿ ಮುಂದೆ ಬಂದರು. ನಮ್ಮ ಊರಿನಲ್ಲಿ ಪ್ರಾಣಿ ಯಾರ ನೆಲದಲ್ಲಿ ಬೀಳುತ್ತದೋ ಅವರಿಗೂ ಪಾಲು ಕೊಡುತ್ತೇವೆ, ಇದು ಬೆಲೆಯಲ್ಲ ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದರು. ಮುದುಕ ಅವರನ್ನೇ ದಿಟ್ಟಿಸಿದ.

“ಬಂದೂಕು ಕಾರಿನಲ್ಲೇ ಇರಲಿ. ನನ್ನ ಹಿಂದೆ ಬನ್ನಿ.”

ಪೊದೆಯ ಬುಡದಲ್ಲಿ ಅದು ಸತ್ತು ಬಿದ್ದಿತ್ತು. ಮಾದಯ್ಯ ಒಂದು ಕೋಲು ಮುರಿದು ನನ್ನ ಕೈಗೆ ಕೊಟ್ಟರು. ಹಿಂದಿನಿಂದ ಹೋಗಿ ಕಣ್ಣು ಮುಟ್ಟಿದೆ. ಮಿಟುಕಲಿಲ್ಲ. “ಈ ಯಜಮಾನನಿಗೆ ನನ್ನ ಬಾಲದ ಪಾಲೇ ಕೊಟ್ಟುಬಿಡಿ,” ಎಂದೆ, ಲೆಕ್ಕ ಸರಿಹೋಗಲಿ ಎಂದು. ಮಾದಯ್ಯ ಒಂದು ಹಿಂದೊಡೆಯನ್ನು ಬಿಡಿಸಿ ಮುದುಕನಿಗೆ ಕೊಟ್ಟರು.

ಗುಡಿಸಲಿನಲ್ಲಿ ಮಾದಯ್ಯ ಎಲ್ಲವನ್ನೂ ಇದ್ದಂತೆಯೇ ಹೇಳಿದರು. ನಾನು ಎರಡು ಸಲ ಕೆಮ್ಮಿದೆ, ಅವರು ಕೇಳಲಿಲ್ಲ. ರಾನ್ ಕೊಂಬು ಅಳೆದರು, ಮುದುಕನಿಗೆ ಫೋನ್ ಮಾಡಿ ವಿಚಾರಿಸಿದರು.  ಫೋನ್ ಇಟ್ಟು, ಸಹಿ ಹಾಕಿ, ನನ್ನ ಕಡೆ ತಿರುಗಿದರು.

“ಟೀ ಕುಡಿಯಲಿಲ್ಲ, ಅಲ್ಲವೇ?”

ಅಷ್ಟೇ. ಕೇಸಿಲ್ಲ.

ಹಿಂದಿರುಗುವ ದಾರಿಯಲ್ಲಿ ಒಂದು ಒಪ್ಪಂದ ಮಾಡಿಕೊಂಡೆವು. ಸುಳ್ಳು ಹೇಳುವುದು ಬೇಡ, ಆದರೆ ಶೋಭಾ ಕೇಳದ್ದನ್ನು ಹೇಳುವುದೂ ಬೇಡ. ಡ್ಯಾಂಡೆನಾಂಗಿನ ಟ್ರಾಫಿಕ್ಕಿನಲ್ಲಿ ನಿಂತಾಗ ಅದನ್ನೇ ಇನ್ನೊಮ್ಮೆ ಹೇಳಿಸಿಕೊಂಡೆ.

ವೆರಿಬೀಯಲ್ಲಿ ಶೋಭಾ ಬಾಗಿಲಲ್ಲೇ ಕೇಳಿದಳು, “ಎಂತದಾದರೂ ತಪ್ಪಾಯಿತಾ?”

“ಸಹಿ ಆಗಿದೆ ನೋಡು,” ಎಂದು ಪರ್ಮಿಟ್ ತೋರಿಸಿದೆ. ಅವಳಿಗೆ ಸಮಾಧಾನವಾಯಿತು. ಕೊಡಗಿನ ಹುಳಿರಸ ಕಾಚಂಪುಳಿಯ ಬಾಟಲಿ ತೆಗೆದು ಒಲೆ ಹಚ್ಚಿದಳು. ಮಾದಯ್ಯ ಅಡುಗೆಮನೆಯ ಕಟ್ಟೆಯ ಮೇಲೆ ಮಾಂಸವನ್ನು ಪಾಲು ಮಾಡತೊಡಗಿದರು. ಅವರದ್ದು, ಜೊತೆಗಾರನಾಗಿ ನನ್ನದು. ಆಮೇಲೆ, ನಾನು ಕಣ್ಣುಸನ್ನೆ ಮಾಡುತ್ತಿದ್ದರೂ, ಬೇರೆ ಒಂದು ಚಿಕ್ಕ ಪಾಲನ್ನು ಎತ್ತಿಟ್ಟರು.

“ಅದು ಯಜಮಾನನಿಗೆ ಕೊಟ್ಟಾಯಿತಲ್ಲ ಮಾರಾಯ್ರೆ?” ಎಂದೆ ಮೆಲ್ಲಗೆ.

“ಅವರಿಗೆ ಕೊಟ್ಟಿದ್ದು ನನ್ನ ತೊಡೆ, ಭಾವ. ಈ ಪಾಲನ್ನ ಇನ್ನೊಬ್ಬರಿಗೆ ದಾಟಿಸೋಕಾಗಲ್ಲ.”

ಶೋಭಾ ಈರುಳ್ಳಿ ಹೆಚ್ಚುತ್ತಿದ್ದವಳು ನಿಲ್ಲಿಸಿದಳು. ಆ ಮನೆತನಕ್ಕೆ ಸೊಸೆಯಾಗಿ ಹೋದವಳು, ಪಾಲಿನ ಲೆಕ್ಕ ಅವಳಿಗೂ ಗೊತ್ತು.

“ಯಾರದ್ದು ಅದು?”

ಮಾದಯ್ಯ ಬೇರೆ ಏನಾದರೂ ಒಂದು ಹೇಳಬಹುದಿತ್ತು. ಹೇಳಲಿಲ್ಲ. “ಬಾಲ ಮುಟ್ಟಿದವರದ್ದು.”

“ಅಲ್ಲಿದ್ದದ್ದು ನೀವಿಬ್ಬರೇ.” ಅವಳು ನನ್ನ ಊದಿದ ಮೊಣಕಾಲನ್ನೂ, ಗಂಡನ ಮುಖವನ್ನೂ ನೋಡಿದಳು. “ಕೋವಿಯ ಮುಂದೆ ಓಡಿದೆಯಾ ಅಣ್ಣಾ?”

ಬಾಣಲೆಯಲ್ಲಿ ಎಣ್ಣೆ ಹೊಗೆಯಾಡಿತು. ಅವಳು ಒಲೆ ಆರಿಸಿದಳು. ಅಳುತ್ತಾಳೆ ಎಂದುಕೊಂಡೆ, ಬೈಯುತ್ತಾಳೆ ಎಂದುಕೊಂಡೆ. “ನಿಮ್ಮಿಬ್ಬರಲ್ಲಿ ಯಾರನ್ನು ಕಾಯಲು ಯಾರನ್ನು ಕಳಿಸಿದೆ ನಾನು?” ಎಂದಳು ಅಷ್ಟೇ. ಆಮೇಲೆ ಒಲೆ ಮತ್ತೆ ಹಚ್ಚಿದಳು. ಊಟ ಚೆನ್ನಾಗಿತ್ತು.

ಮರುದಿನ ಹೊರಡುವಾಗ ನನ್ನ ಪಾಲುಗಳು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಸಿದ್ಧವಾಗಿದ್ದವು. ಬ್ಯಾಗಿನಲ್ಲಿ ವೆಸ್ಟ್ ಇರಲಿಲ್ಲ. ಹುಡುಕುತ್ತ ಹೋದರೆ, ಗೋಡೆಗೆ ಬೋಲ್ಟ್ ಹಾಕಿದ್ದ ಕೋವಿಯ ಉಕ್ಕಿನ ಕಪಾಟನ್ನು ಮಾದಯ್ಯ ತೆರೆದು ಹಿಡಿದಿದ್ದರು. ಅದರ ಬೀಗದ ಕೈ ಲೈಸೆನ್ಸ್ ಇರುವವರ ಬಳಿಯೇ ಇರಬೇಕು. ಶೋಭಾ ಒಗೆದು ಒಣಗಿಸಿದ್ದ ವೆಸ್ಟನ್ನು ಕೋವಿಯ ಮುಂದೆ ನೇತುಹಾಕುತ್ತಿದ್ದಳು.

“ಅದು ನನ್ನದು, ಎರಡು ಡಾಲರ್,” ಎಂದೆ.

“ನಿನಗೆ ಬಾಲದ ಪಾಲು ಸಿಕ್ಕಿತಲ್ಲ. ಇದು ನನ್ನ ಪಾಲು,” ಎಂದಳು, ಹಿಂದೆ ತಿರುಗದೆಯೇ.

ಕಾರು ಹತ್ತುವ ಮೊದಲು ಒಮ್ಮೆ ಒಳಗೆ ನೋಡಿದೆ. ಕಪಾಟಿನ ಬಾಗಿಲು ಇನ್ನೂ ಅರ್ಧ ತೆರೆದಿತ್ತು. ಅಲ್ಲಿಂದ ಕೋವಿ ಕಾಣುತ್ತಿರಲಿಲ್ಲ, ಕಿತ್ತಳೆ ಬಣ್ಣ ಮಾತ್ರ ಕಾಣುತ್ತಿತ್ತು.