ಚಲಪತಿಯ ಕಾರಿಗೆ ಕೆಂಪು ಬಾವುಟ

ದಿಬ್ಬೂರಹಳ್ಳಿ ರಸ್ತೆಯಲ್ಲಿ ಸೇತುವೆ ಅಗಲ ಮಾಡುತ್ತಿದ್ದರು. ಒಂದೇ ಪಕ್ಕದಲ್ಲಿ ಓಡಾಟ. ದಿಣ್ಣೆ ಅಡ್ಡ ಇರುವುದರಿಂದ ಈ ತುದಿಗೆ ಆ ತುದಿ ಕಾಣದು. ಅದಕ್ಕೇ ಒಂದು ಕೋಲು. ಬಿಟ್ಟ ಸಾಲಿನ ಕೊನೆಯ ಗಾಡಿಯವನ ಕೈಗೆ ಅದನ್ನು ಕೊಡಬೇಕು, ಅವನು ಆಚೆ ತುದಿಗೆ ಮುಟ್ಟಿಸಿದ ಮೇಲೇ ಅಲ್ಲಿಯವರು ಹಸಿರು ಬಾವುಟ ತೋರಿಸಬೇಕು. ಈ ತುದಿಯಲ್ಲಿ ಬಾವುಟ ಹಿಡಿದು ನಿಂತವಳು ಮಂಗಮ್ಮ.

ಹೋದ ವರ್ಷ ಇದೇ ರಸ್ತೆಯ ಮೋರಿ ಹತ್ತಿರ ಈ ಕೆಲಸ ಅವಳ ಗಂಡ ನರಸಪ್ಪನದಾಗಿತ್ತು. ಯಾರೋ ದೊಡ್ಡವರ ಕಾರು ನಿಂತಿತ್ತೆಂದು ಆಗಿನ ಸೂಪರ್‌ವೈಸರ್ ಚಲಪತಿ, "ಕೋಲೂ ಬೇಡ ಗೀಲೂ ಬೇಡ, ಬಿಡೋ" ಎಂದು ಫೋನಿನಲ್ಲಿ ಗದರಿದ. ನರಸಪ್ಪ ಬಿಟ್ಟ. ಎದುರಿನಿಂದ ಬಂದ ಟಿಪ್ಪರ್ ಕಾರನ್ನು ತಪ್ಪಿಸಲು ಹೋಗಿ ಅವನ ಕಾಲಿನ ಮೇಲೇ ಹತ್ತಿತು. ಚಲಪತಿ ರಿಪೋರ್ಟಿನಲ್ಲಿ ಬರೆದದ್ದು ಒಂದೇ ಸಾಲು: ಬಾವುಟದವನು ಕುಡಿದಿದ್ದ. ಹೆಂಡದ ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಿದ್ದ ಮನುಷ್ಯನ ಮೇಲೆ ಎಂಥಾ ಮಾತು. ಕಾಲು ಹೋದದ್ದನ್ನು ಹೇಗೋ ತಡೆದುಕೊಂಡ ನರಸಪ್ಪ, ಆ ಮಾತಿಗೆ ನಾಚಿ ಹೊಸಿಲು ದಾಟುವುದನ್ನೇ ಬಿಟ್ಟ. ಮಂಗಮ್ಮ ಅಂದೇ ಹಟ ತೊಟ್ಟಳು. ಆ ಮಾತನ್ನು ಆಡಿದವನೇ ವಾಪಸು ತಗೊಳ್ಳಬೇಕು, ಅದೂ ಊರವರ ಎದುರಿಗೆ.

ಚಲಪತಿ ಈಗ ಬೇರೆ ಕಂಟ್ರಾಕ್ಟರ್ ಹತ್ತಿರ ಇದ್ದಾನೆ. ಆದರೆ ದಿನಾ ಶಿಡ್ಲಘಟ್ಟಕ್ಕೆ ಹೋಗಲು ಇದೇ ಸೇತುವೆಯೇ ಗತಿ.

ಚಿಂತಾಮಣಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದುವ ಮಗಳು ವರಲಕ್ಷ್ಮಿ ಕೋಲಿನ ಕಥೆ ಕೇಳಿ ನಕ್ಕಿದ್ದಳು. "ಕಂಪ್ಯೂಟರ್ ಒಳಗೂ ಹಿಂಗೇ ಕಣಮ್ಮ. ಸೆಮಾಫೋರ್ ಅಂತಾರೆ. ಒಂದು ಕೆಲಸ ಒಳಗಿದ್ರೆ ಇನ್ನೊಂದು ಹೊರಗೇ ಕಾಯ್ಬೇಕು. ಮುಖ್ಯವಾದವು ಬರ್ತಾನೇ ಇದ್ರೆ ಕೆಲವಕ್ಕೆ ಸರದಿ ಬರೋದೇ ಇಲ್ಲ."

"ಎಷ್ಟೊತ್ತಾದ್ರೂನಾ?"

"ಎಷ್ಟೊತ್ತಾದ್ರೂ."

ಮಂಗಮ್ಮ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು. ರೇಷ್ಮೆಗೂಡಿನ ಗಾಡಿ ಬಂದರೆ ಎಲ್ಲರಿಗಿಂತ ಮುಂದೆ ಬಿಡುವುದು ಇಲ್ಲಿನ ವಾಡಿಕೆ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ತಪ್ಪಿದರೆ ಒಂದು ಮನೆಯ ತಿಂಗಳ ದುಡಿಮೆ ಹಾಳು. ಬೆಳಗಾದರೆ ಗೂಡಿನ ಆಟೋಗಳಿಗೇನು ಬರವೆ? ಮಾರನೆಯ ದಿನದಿಂದ ಚಲಪತಿಯ ಕಾರು ಪಕ್ಕಕ್ಕೆ, ಗೂಡು ಮುಂದಕ್ಕೆ. ಯಾರೂ ಬೆರಳು ತೋರಿಸುವಂತಿರಲಿಲ್ಲ.

ಅವನ ಮಗಳ ನಿಶ್ಚಿತಾರ್ಥದ ದಿನ ಬಂತು. ಮನೆಯವರೆಲ್ಲ ಮುಂಚೆಯೇ ಶಿಡ್ಲಘಟ್ಟ ಸೇರಿದ್ದರು. ರೇಷ್ಮೆ ಪಂಚೆಯ ಚಲಪತಿ ಮೂರು ಸರದಿ ಕಾದು, ಬೆವರುತ್ತಾ ಕೆಳಗಿಳಿದ.

"ಯಾಕಮ್ಮ ಹಿಂಗೆ ಹಗೆ ಸಾಧಿಸ್ತೀಯ?"

"ನಾನು ನರಸಪ್ಪನ ಹೆಂಡ್ತಿ ಸಾರ್. ನಮ್ಮೆಜಮಾನ್ರು ಕುಡಿದಿದ್ರಾ?"

ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. "ಇಲ್ಲ ಕಣಮ್ಮ. ಬಿಡು ಅಂದಿದ್ದು ನಾನೇ."

"ಜೋರಾಗಿ ಹೇಳಿ. ಗೂಡಿನವರಿಗೂ ಕೇಳಿಸ್ಲಿ."

ಹೇಳಿದ. ಆಟೋದವರೆಲ್ಲ ಕೇಳಿಸಿಕೊಂಡರು. ಮಂಗಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಆ ತುದಿಯಿಂದ ಕೋಲು ಬಂತು. ಚಲಪತಿ ಓಡಿಹೋಗಿ ಕಾರು ಸ್ಟಾರ್ಟ್ ಮಾಡಿದ. ಮಂಗಮ್ಮ ಎರಡು ಗೂಡಿನ ಆಟೋ ಬಿಟ್ಟು, ಹಿಂದಿನ ಆಟೋದವನಿಗೆ ಕೋಲು ಕೊಟ್ಟು, ಕಾರಿಗೆ ಕೆಂಪು ಬಾವುಟ ಅಡ್ಡ ಹಿಡಿದಳು.

"ಹೇಳಿದ್ನಲ್ಲಮ್ಮ" ಎಂದ ಅವನು, ಅಳುವ ದನಿಯಲ್ಲಿ.

"ಹೇಳಿದ್ರಿ ಸಾರ್. ಅದು ಅವರ ಮರ್ಯಾದೆಗಾಯ್ತು. ಕಾಲಿಗೆ ಇನ್ನೂ ಕಾಯ್ಬೇಕು."