ಹುರುಳಿ ಹಾಸಿದ ರಸ್ತೆ

ಶ್ರೀನಿವಾಸಪುರದಿಂದ ಮುಳಬಾಗಿಲಿಗೆ ಒಳರಸ್ತೆಯಲ್ಲಿ ಸೈಕಲ್ ತುಳಿ, ಒಂದು ಗಾಡಿಯೂ ಅಡ್ಡ ಬರುವುದಿಲ್ಲ ಎಂದು ಕಳಿಸಿದ ಗೆಳೆಯನಿಗೆ ಏನೆನ್ನಲಿ? ಗಾಡಿ ಬಾರದ್ದೇ ಫಜೀತಿಯಾಯಿತು. ಡಾಂಬರಿನ ಮೇಲೆ ಎರಡು ಫರ್ಲಾಂಗು ಉದ್ದಕ್ಕೂ ಹುರುಳಿ ಗಿಡ ಹರಡಿದ್ದರು. ಬಸ್ಸು, ಲಾರಿ ಹರಿದು ಕಾಳು ಉದುರಬೇಕು. ನನ್ನ ಚೈನಿಗೆ ಬಳ್ಳಿ ಸುತ್ತಿಕೊಂಡು ಸೈಕಲ್ಲು ನಿಂತೇಬಿಟ್ಟಿತು.

ಕಾವಲಿದ್ದ ಅಜ್ಜಿ ಬಳ್ಳಿ ಬಿಡಿಸುತ್ತಲೇ ಬೈದಳು. "ಬೆಳಿಗ್ಗೆಯಿಂದ ಬಸ್ಸಿಗೆ ಕಾಯ್ತಾ ಇದ್ರೆ ನೀನು ಬಂದೆಯಲ್ಲಪ್ಪಾ! ನಿನ್ನ ಭಾರಕ್ಕೆ ಒಂದು ಕಾಳೂ ಉದುರಲ್ಲ."

"ಇದೇನು ನಿಮ್ಮನೆ ಕಣವಾ ಅಜ್ಜಿ? ಸರ್ಕಾರದ ರಸ್ತೆ!" ಎಂದು ರೇಗಿದೆ.

"ಆಗ್ಲಪ್ಪ," ಎಂದವಳು, ನಾನು ಬೇಡವೆನ್ನುವಷ್ಟರಲ್ಲಿ ದಪ್ಪನೆಯ ಚಪ್ಪಡಿ ತುಂಡೊಂದನ್ನು ತಂದು ಕ್ಯಾರಿಯರ್‌ಗೆ ಹಗ್ಗದಲ್ಲಿ ಬಿಗಿದಳು. "ಆ ಕೊನೇಲಿ ನಮ್ಮೆಜಮಾನ್ರು ಅವ್ರೆ. ಬಿಚ್ಕೊಂತಾರೆ, ಹೋಗು."

ಗೆಳೆಯನನ್ನು ಶಪಿಸುತ್ತ, ಏದುಸಿರು ಬಿಡುತ್ತ ತುಳಿದೆ. ಕೊನೆಯಲ್ಲಿ ಕೂತಿದ್ದ ಅಜ್ಜ ಬೀಡಿ ಬಿಸಾಕಿ ಎದ್ದು ಬಂದ. ಹಗ್ಗ ಮುಟ್ಟಲಿಲ್ಲ. ಹ್ಯಾಂಡಲ್ ಹಿಡಿದು ಸೈಕಲ್ಲನ್ನು ಬಂದ ದಾರಿಗೇ ತಿರುಗಿಸಿದ.

"ಆ ಪಕ್ಕದ್ದು ಇನ್ನೂ ಹಂಗೇ ಐತೆ ನೋಡಪ್ಪ."